ಮಾದರಿ ಕಡತದ ಹದಿನಾಲ್ಕನೇ ಸಾಲು

ಧಾರವಾಡದವರೊಬ್ಬರ ಫೋನ್ ಬಂದದ್ದು ಮಧ್ಯಾಹ್ನ ಮೂರಕ್ಕೆ ಎಂದು ಬರೆದು ಹೊಡೆದುಹಾಕಿದೆ. ಮೂರು ಎಂದರೆ, ಕರೆ ಬಂದ ಕೂಡಲೇ ನಾನು ಆಸ್ಪತ್ರೆಗೆ ಹೊರಟೆ ಎಂದಾಗುತ್ತದೆ. ಅದು ನನಗೆ ಅನುಕೂಲವಾದ ಗಂಟೆ. ಬಹುಶಃ ಇನ್ನೂ ಮೊದಲೇ ಬಂದಿತ್ತು. ಗಂಟೆ ಬೇಡ.

ಕೋಲ್ಕತ್ತದ ಕನ್ನಡಿಗರದೊಂದು ಇ-ಮೇಲ್ ಗುಂಪಿದೆ. ರೈಲ್ವೆಯವರು, ಬ್ಯಾಂಕಿನವರು, ನನ್ನಂಥ ವಿಶ್ವವಿದ್ಯಾಲಯದವರು. ಊರಿಂದ ಯಾರು ಬರುತ್ತಿದ್ದಾರೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತದೆ, ಇಂಥದ್ದೇ ಮಾತು. ಆ ಪತ್ರಗಳನ್ನೂ ಅಂತರ್ಜಾಲದ ಇತರ ಚರ್ಚಾಗುಂಪುಗಳನ್ನೂ ಒಂದೇ ಕಿಟಕಿಯಲ್ಲಿ ಓದುವ ಪ್ರೋಗ್ರಾಂ ಒಂದನ್ನು ನಾನು ಮಾಡಿದೆ. ಅಕ್ಷರದ ಗಾತ್ರ, ಬಣ್ಣ, ಯಾರ ಪತ್ರ ಮೇಲೆ ಬರಬೇಕು, ಯಾರದು ಕಾಣಲೇಬಾರದು, ಎಲ್ಲವೂ ಓದುವವರ ಇಷ್ಟ. ಒಂದು ಕಡತದಲ್ಲಿ ಸಾಲಿಗೊಂದು ನಿಯಮ ಬರೆದುಕೊಂಡರಾಯಿತು. ಅದು ನನ್ನ ಹೆಮ್ಮೆ.

ನಿಯಮ ಬರೆಯುವುದು ಹೇಗೆಂದು ತೋರಿಸಲು ಒಂದು ಮಾದರಿ ಕಡತ ಬೇಕಿತ್ತು. ಹೊಸದಾಗಿ ಬರೆಯಲು ಸೋಮಾರಿತನ. ನನ್ನದೇ ಕಡತವನ್ನು ಪ್ರೋಗ್ರಾಂ ಜೊತೆ ಎಲ್ಲರಿಗೂ ಕಳಿಸಿದೆ. ಅದರ ಹದಿನಾಲ್ಕನೇ ಸಾಲು ಗುಂಪಿನ ಒಬ್ಬರ ಪತ್ರಗಳನ್ನು ಅಡಗಿಸುತ್ತಿತ್ತು. ಅವರು ಧಾರವಾಡದವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರರು. ದಿನಕ್ಕೆ ಮೂರು ಉದ್ದುದ್ದ ಪತ್ರ ಬರೆಯುತ್ತಿದ್ದರು: ಮೆಟ್ರೋದಲ್ಲಿ ಕೇಳಿದ್ದು, ಎಸ್ಪ್ಲನೇಡ್ ಪೇಟೆಯಲ್ಲಿ ಕಂಡದ್ದು, ಇಲ್ಲಿಯ ಸಿಹಿತಿಂಡಿ ಮಿಷ್ಟಿಗೂ ಅಲ್ಲಿಯ ಪೇಡೆಗೂ ಇರುವ ವ್ಯತ್ಯಾಸ. ಒಂದು ದಿನ ಬೇಸತ್ತು ಆ ಸಾಲು ಸೇರಿಸಿದ್ದೆ. ಕಳಿಸುವಾಗ ಮರೆತಿದ್ದೆ. ಮರೆತಿದ್ದೆ ಎಂದೇ ಇಷ್ಟು ದಿನ ಹೇಳಿಕೊಂಡಿದ್ದೇನೆ.

ಎಲ್ಲವನ್ನೂ ಬದಲಿಸಬಹುದಾದ ಪ್ರೋಗ್ರಾಮಿನಲ್ಲಿ ಯಾರೂ ಏನನ್ನೂ ಬದಲಿಸಲಿಲ್ಲ; ನನ್ನ ಕಡತವೇ ಎಲ್ಲರದೂ ಆಯಿತು. "ನೀವೇ ಮಾಡಿರೋದಲ್ವಾ, ನಿಮ್ದೇ ಇರ್ಲಿ ಬಿಡಿ" ಎಂದರು. ಹೆಚ್ಚೆಂದರೆ ಅಕ್ಷರ ದೊಡ್ಡದು ಮಾಡಿಕೊಂಡರು. ಪ್ರೋಗ್ರಾಂ ಬೇಡವೆಂದವರು ಧಾರವಾಡದವರೊಬ್ಬರೇ.

ಅವರು ಫೋನ್ ಮಾಡಿದ್ದು ಸಿಲಿಗುರಿಯಿಂದ, ಕಚೇರಿಯ ಟೂರಿನಲ್ಲಿದ್ದಾಗ.

"ಏನ್ರಿ ಸರ, ನಮ್ಮ ಮಂದಿಗೆ ನನ್ನ ಮ್ಯಾಲೆ ಸಿಟ್ಟೇನು? ಹೊರಡೂಕಿಂತ ಮೊದಲ ಎರಡು ಸಲ ಬರದೀನಿ. ಅವ್ವನ ಸೊಂಟ ಮುರದೇತಿ, ದವಾಖಾನ್ಯಾಗ ಅದಾಳ, ಕನ್ನಡ ಬಿಟ್ರ ಬ್ಯಾರೆ ಬರಂಗಿಲ್ಲ, ಸಂಜೀಕ ಯಾರರ ಹೋಗಿ ಕುಂಡ್ರಿ ಅಂತ. ಒಬ್ಬರೂ ಹೂಂ ಅನಲಿಲ್ಲ. ಆದ್ರೂ ಹೋಗ್ತಾರ ಬಿಡು ಅಂತ ಬಂದೆ. ಇವತ್ತ ನರ್ಸಿಗೆ ಕೇಳಿದ್ರ, ಮೂರು ದಿನ ಆತು, ಯಾರೂ ಬಂದಿಲ್ಲಂತ. ಫೋನಿನ್ಯಾಗ ಅವ್ವಗ ಕಿವಿ ಕೇಳಸಂಗಿಲ್ಲ." ಆಮೇಲೆ ನಕ್ಕರು. "ನಿಮ್ಮ ಪ್ರೋಗ್ರಾಮು ನುಂಗೇತೇನು ನೋಡ್ರಿ."

ಕಡತ ತೆರೆದೆ. ಆ ಸಾಲು ಅಳಿಸಿದ ಕೂಡಲೇ ಕಿಟಕಿ ತುಂಬ ಅವರ ಪತ್ರಗಳು. ಕೊನೆಯ ಎರಡರ ತಲೆಬರಹ 'ಅವ್ವ'.

ಗುಂಪಿನ ಮೈಸೂರಿನ ಒಬ್ಬ ಹೆಂಗಸಿಗೆ ಫೋನ್ ಮಾಡಿದೆ. "ಅವರ ಇ-ಮೇಲಾ? ಬಂದು ಎಷ್ಟು ದಿನ ಆಯ್ತು! ವರ್ಗ ಆಗಿ ಹೋದ್ರೇನೋ ಅಂದ್ಕೊಂಡ್ವಿ. ನಮ್ಮನೆಯವರಂತೂ, ಪುಣ್ಯಕ್ಕೆ ಪೇಡೆ ಪುರಾಣ ನಿಂತಿತಲ್ಲ ಅಂತ ನಗ್ತಿದ್ರು." ಇನ್ನಿಬ್ಬರೂ ಹೀಗೆಯೇ ಅಂದರು. ಅವರ ಮೌನ ಎಲ್ಲರಿಗೂ ಹಿತವಾಗಿತ್ತು. ಆ ಹಿತವನ್ನು ನಾನು ಹಂಚಿದ್ದೆ.

ಆಸ್ಪತ್ರೆ ಕಾಳಿಘಾಟ್ ಮೆಟ್ರೋದಿಂದ ಹತ್ತು ನಿಮಿಷ. ಆ ತಾಯಿ ಅಂಗಾತ ಮಲಗಿದ್ದರು. ಕಿವಿಯ ಹತ್ತಿರ ಬಾಗಿ, "ಹೇಗಿದೀರಮ್ಮ?" ಎಂದು ಗಟ್ಟಿಯಾಗಿ ಕೇಳಿದೆ. ನನ್ನ ಮಣಿಕಟ್ಟು ಹಿಡಿದರು.

"ಬೆನ್ನ ಕೆಳಗ ಉರಿ ಹತ್ತೇತೋ ಯಪ್ಪಾ. ಹೇಳಿ ಹೇಳಿ ಸಾಕಾತು. ಎಲ್ಲಾರೂ ನಗ್ತಾರ, ತಲಿ ಸವರತಾರ, ಹೋಗ್ತಾರ."

ನರ್ಸಿಗೆ ಹಿಂದಿಯಲ್ಲಿ ಹೇಳಿದೆ. ಅವಳೂ ಆಯಾ ಒಬ್ಬಳೂ ಸೇರಿ ಅವರನ್ನು ಹೊರಳಿಸಿದರು. ಇಲ್ಲಿ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ, ಮಲಗಿ ಮಲಗಿ ಬೆನ್ನಿಗಾದ ಹುಣ್ಣನ್ನು ಕಣ್ಣಾರೆ ನೋಡಿದೆ. ಇನ್ನೊಂದರಲ್ಲಿ ಕಿಟಕಿಯ ಕಡೆ ತಿರುಗಿಕೊಂಡೆ. ವಾಸನೆ ಎರಡರಲ್ಲೂ ಇದೆ. ದಿನವೂ ಏನೋ ಹೇಳುತ್ತಲೇ ಇದ್ದರು, ಜಪ ಮಾಡುತ್ತಾರೆ ಅಂದುಕೊಂಡೆವು ಎಂದಳು ನರ್ಸ್.

ಮಗ್ಗುಲಾಗಿ ಮಲಗಿದ ಮೇಲೆ ಆ ತಾಯಿ ಕೇಳಿದರು: "ಈ ಊರಾಗ ಕನ್ನಡದಾವ ನೀ ಒಬ್ಬನ ಏನು?"

"ಅಲ್ಲಮ್ಮ."

"ಮತ್ತ?"

ಮಗ ಮರುದಿನವೇ ಬಂದರು. ಹುಣ್ಣು ಆಳಕ್ಕಿಳಿದಿದೆ, ಈ ವಯಸ್ಸಿನಲ್ಲಿ ಏನೂ ಹೇಳಲಾಗದು ಎಂದರಂತೆ ಡಾಕ್ಟರು. ಪತ್ರಗಳಿಗೆ ಏನಾಗಿತ್ತು ಎಂದು ಕೇಳಿದರು. "ಸರ್ವರ್ ತೊಂದರೆ" ಎಂದೆ. ನಂಬಿದರು. ಅಷ್ಟು ಹೊತ್ತಿಗೆ ಎಲ್ಲರಿಗೂ ಆ ಸಾಲು ತೆಗೆದ ಹೊಸ ಆವೃತ್ತಿ ಕಳಿಸಿದ್ದೆ. ಜೊತೆಗಿನ ಟಿಪ್ಪಣಿಯಲ್ಲಿ ಇದ್ದದ್ದು 'ಒಂದು ಸಣ್ಣ ತಿದ್ದುಪಡಿ' ಎಂದಷ್ಟೇ. ಗುಂಪಿನವರು ಪಾಳಿ ಹಾಕಿಕೊಂಡು ಆಸ್ಪತ್ರೆಗೆ ಬರತೊಡಗಿದರು.

ಒಂದು ಸಂಜೆ ನನ್ನ ಪಾಳಿ. ಮಗ ಹಾಸಿಗೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದರು. ತಾಯಿಗೆ ಜ್ವರ, ಎಚ್ಚರವಿರಲಿಲ್ಲ.

"ಸೋತೆ ನೋಡ್ರಿ ಸರ, ನಾನೂ ನಿಮ್ಮ ಪ್ರೋಗ್ರಾಮು ಹಾಕ್ಕೊಂಡೆ" ಎಂದರು. "ನೀವು ಗಡಿಬಿಡ್ಯಾಗ ಇರ್ತೀರಂತ ಮೈಸೂರಿನ ಅಕ್ಕಾರ ಕಡೆಯಿಂದ ಇಸಗೊಂಡೆ. ಹೊಸಾದು ಇನ್ನೂ ಹಾಕಿಲ್ಲಂತ, ಹಳೇದನ್ನ ಕೊಟ್ರು. ಈ ಕಡತ ಒಂದು ತಿಳೀವಲ್ದು. ಕುಂಡ್ರಿ, ಒಂದೊಂದ ಸಾಲು ಓದ್ತೀನಿ, ನೀವು ಹೇಳ್ಕೋತ ಹೋಗ್ರಿ."

ಅವರು ಏನನ್ನೂ ಬಿಟ್ಟು ಓದುವವರಲ್ಲ. ಮೊದಲ ಸಾಲು ಅಕ್ಷರದ ಗಾತ್ರ. ಹೇಳಿದೆ. ಎರಡನೆಯದು ಬಣ್ಣ. ಹೇಳಿದೆ. ಹದಿನಾಲ್ಕನೆಯದು ಇನ್ನೂ ಮುಂದಿತ್ತು. ನಾನು ಎದ್ದು ಹೋಗಲಿಲ್ಲ. ಹೋಗಲಿಲ್ಲ ಎಂದೇ ನನ್ನ ನೆನಪು.