ರಮಾಬಾಯಿಯ ಮೂರು ಕೂಗು

ಮಣ್ಣೂರಿನಲ್ಲಿ ರಮಾಬಾಯಿಯ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಓಣಿಯಲ್ಲಿ ನಿಂತು ಕಿವಿಗೊಟ್ಟರೆ ಸಾಕು. ತೊಗರಿ ಹೊಲದ ಕಸ ತೆಗೆಯುವ ಹೆಂಗಸರಿಗೆ ಇವಳೇ ಮುಂದಾಳು. ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ಒಮ್ಮೆ "ನಡೀರಬೇ!" ಅಂದರೆ ಮೂರು ಓಣಿಯವರು ಬುತ್ತಿ ಕಟ್ಟಿಕೊಂಡು ಹೊರಬೀಳುತ್ತಾರೆ. ಬಾಗಿಲು ಬಡಿಯುವ ಕೆಲಸವೇ ಇಲ್ಲ.

ಮಗಳು ಪಲ್ಲವಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವಳಿಗೆ ಈ ದನಿಯೇ ಮುಜುಗರ. ಒಂದು ದಿನ ಹೆಡ್‌ಮಾಸ್ತರರು ಮನೆಗೆ ಬಂದಾಗ, "ಚಾ ತಗೋರಿ" ಎಂದು ತಾಯಿ ಅಂದದ್ದಕ್ಕೇ ಅವರು ಬೆಚ್ಚಿ ಮೈಮೇಲೆ ಚೆಲ್ಲಿಕೊಂಡರು.

"ಯವ್ವಾ, ನೀ ಭಾಳ ಲೌಡ್ ಇದ್ದಿ," ಎಂದು ಆಮೇಲೆ ಪಲ್ಲವಿ ಸಿಡುಕಿದಳು.

"ಹಂಗಂದ್ರ?"

"ದನಿ ಜೋರು ಅಂತ. ಡಿಜೆಗೂ ಅಂತಾರ. ನೀ ಉಟ್ಟೀಯಲ್ಲ, ಕಣ್ಣಿಗಿ ರಾಚೋ ಸೀರಿ, ಅದಕ್ಕೂ ಅಂತಾರ."

"ಛಲೋದಕ್ಕ ಅನ್ನೂದಿಲ್ಲೇನು?"

ಪಲ್ಲವಿ ಚಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ರಮಾಬಾಯಿ ಪಿಸುಗುಟ್ಟತೊಡಗಿದಳು. ಬೆಳಗಿನ ಕೂಗೂ ನಿಂತಿತು. ಹೆಂಗಸರು ಹೊತ್ತಾಗಿ ಎದ್ದು, ರಮಾಬಾಯಿಗೆ ಜ್ವರವೇನೋ ಎಂದು ವಿಚಾರಿಸಲು ಬಂದರು.

ಅದೇ ವಾರ ಒಂದು ಸಂಜೆ, ಮೇಲಿನ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಬಂತು. ಊರ ಪಕ್ಕದ ಭೀಮಾ ಹೊಳೆಯ ನಡುಗಡ್ಡೆಯಲ್ಲಿ ಮಾಳಿಂಗ ಕುರಿ ಮೇಯಿಸುತ್ತಿದ್ದ. ಅವನ ಫೋನು ಬಂದ್. ಕರೆಂಟಿಲ್ಲದೆ ಪಂಚಾಯ್ತಿಯ ಮೈಕೂ ಬಂದ್. ಗಂಡಸರೆಲ್ಲ ಗಂಟಲು ಹರಿದುಕೊಂಡರೂ ಅವನು ತಲೆಯೆತ್ತಲಿಲ್ಲ. ಪಲ್ಲವಿ ಮನೆಗೆ ಓಡಿದಳು. "ಯವ್ವಾ, ಒದರು ಬಾ!"

ದಡಕ್ಕೆ ಬಂದ ರಮಾಬಾಯಿ ಕೂಗಿದಳು: "ಮಾಳಿಂಗಾ!"

ಅವನು ತಿರುಗಿ ನೋಡಿದ. ನೋಡಿ, ಮತ್ತೆ ಬೆನ್ನು ಹಾಕಿ ಕುಳಿತ. ಹೊತ್ತು ಮುಳುಗುವಾಗ ಹೊಳೆಯ ಕಡೆಯಿಂದ ಹೆಸರು ಹಿಡಿದು ಕರೆದರೆ ಮೂರನೇ ಕೂಗಿನ ತನಕ ಈ ಕಡೆ ಯಾರೂ ಓಗೊಡುವುದಿಲ್ಲ. ದೆವ್ವ ಎರಡೇ ಸಲ ಕರೆಯುತ್ತದಂತೆ. ಎರಡನೇ ಕೂಗಿಗೆ ಮಾಳಿಂಗ ಕಂಬಳಿಯನ್ನು ತಲೆಯ ಮೇಲೆಳೆದುಕೊಂಡ. ರಮಾಬಾಯಿ ಕೆಮ್ಮುತ್ತ ಕುಸಿದಳು. ನೀರು ಆಗಲೇ ಕೆಂಪಗೆ ಏರುತ್ತಿತ್ತು.

ಅವಳು ಎದ್ದಳು. ಹೊಟ್ಟೆಯ ಮೇಲೆ ಎರಡೂ ಕೈ ಒತ್ತಿ ಹಿಡಿದಳು. ಆ ಮೂರನೇ ಕೂಗು ಪಲ್ಲವಿಯ ಎದೆಯೊಳಗೆ ನಡುಕ ಹುಟ್ಟಿಸಿ ಹೊಳೆ ದಾಟಿತು. ಮೊದಲು ಕುರಿಗಳು ತಲೆಯೆತ್ತಿದವು. ಆಮೇಲೆ ಮಾಳಿಂಗ ಎದ್ದು ನಿಂತು, "ಓ!" ಅಂದ. ರಮಾಬಾಯಿಗೆ ಮಾತಾಡಲು ದನಿ ಉಳಿದಿರಲಿಲ್ಲ. ಅವಳು ಕಡುಗುಲಾಬಿ ಸೆರಗನ್ನು, ನೀರು ಇನ್ನೂ ಕಡಿಮೆಯಿದ್ದ ಆಚೆಯ ದಡದತ್ತ ಬೀಸಿದಳು. ಅವನಿಗೆ ತಿಳಿಯಿತು. ಕುರಿಗಳನ್ನು ಅಟ್ಟಿಕೊಂಡು ಅವನು ದಡ ಹತ್ತಿದ ಸ್ವಲ್ಪ ಹೊತ್ತಿಗೇ ನಡುಗಡ್ಡೆ ಕಾಣದಾಯಿತು.

ಪಲ್ಲವಿ ತಾಯಿಯ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ಛಲೋದಕ್ಕೂ ಅಂತಾರವ್ವಾ," ಎಂದಳು.

ಮರುದಿನ ತಾಯಿಯ ಬಾಯಿಂದ ಪಿಸುಮಾತೂ ಹೊರಡಲಿಲ್ಲ. ಪಲ್ಲವಿ ತಾನೇ ಕಟ್ಟೆ ಹತ್ತಿ, ಉಸಿರು ತುಂಬಿಕೊಂಡು "ನಡೀರಬೇ!" ಎಂದು ಕೂಗಿದಳು. ಎದುರುಮನೆಯ ನಾಯಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ಅಂದು ಅವಳು ಹದಿನೆಂಟು ಬಾಗಿಲು ಬಡಿದಳು.