ಮೋಡೆಮ್ಮಿಗೊಂದು ಅರಗಿನ ಡಬ್ಬಿ

ಕಂಪ್ಯೂಟರ್ ರಿಪೇರಿಯಲ್ಲಿ ನನಗಿರುವಷ್ಟು ಧೈರ್ಯ ಅದನ್ನು ತಯಾರಿಸಿದವನಿಗೂ ಇರಲಾರದು. ಅವನಿಗೆ ಒಳಗೇನಿದೆ ಎಂದು ಗೊತ್ತು, ಪಾಪ, ಅಳುಕು ಇರುತ್ತದೆ. ನನಗೆ ಆ ತೊಂದರೆಯೇ ಇಲ್ಲ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಮೊದಲು ಇಂಟರ್‌ನೆಟ್ ಹಾಕಿಸಿದವನು ನಾನು. ಆದ್ದರಿಂದ ಅದು ಕೆಟ್ಟಾಗ ಅಭಿಪ್ರಾಯ ಹೇಳುವ ಹಕ್ಕೂ ಮೊದಲು ನನ್ನದೇ ಆಗಿತ್ತು.

ಆಗ ಇಂಟರ್‌ನೆಟ್ ಬರುತ್ತಿದ್ದುದು ಮನೆಯ ಟೆಲಿಫೋನ್ ತಂತಿಯಲ್ಲಿ. ನಡುವೆ ಮೋಡೆಮ್ ಎಂಬ ಅಂಗೈಯಗಲದ ಕಪ್ಪು ಪೆಟ್ಟಿಗೆ. ನಂಬರು ತಿರುಗಿಸಿದರೆ ಅದು ಕೀರಲು ದನಿಯಲ್ಲಿ ಕೂಗಾಡಿ, ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು, ಮನಸ್ಸಿದ್ದರೆ ಲೋಕಕ್ಕೆ ಸೇರಿಕೊಳ್ಳುತ್ತಿತ್ತು. ನಮ್ಮದು ಸೇರಿಕೊಳ್ಳುತ್ತಿತ್ತು, ಆದರೆ ಸ್ವಲ್ಪ ಹೊತ್ತಿಗೆ ತನ್ನ ಜೊತೆ ಇಡೀ ಕಂಪ್ಯೂಟರನ್ನೂ ನಿಲ್ಲಿಸಿಬಿಡುತ್ತಿತ್ತು. ಬಸ್ಸು ಕೆಟ್ಟರೆ ಕಂಡಕ್ಟರು ಇಳಿಯಿರಿ ಅನ್ನುತ್ತಾನೆ. ಹ್ಯಾಂಗ್ ಆದ ಕಂಪ್ಯೂಟರು ಮದುವೆಮನೆಯಲ್ಲಿ ಮುನಿಸಿಕೊಂಡು ಕೂತ ಬೀಗರ ಹಾಗೆ. ಎದುರಿಗೇ ಇರುತ್ತದೆ, ಮುಖವೂ ಅದೇ, ಏನು ಕೇಳಿದರೂ ಮಾತಿಲ್ಲ.

ನಾನು ಬಿಡುವವನೇ? ವಿಂಡೋಸ್ ಅಳಿಸಿ ಮತ್ತೆ ಹಾಕಿದೆ. ಟೆಲಿಫೋನ್ ತಂತಿಯ ತುದಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ಮೌಸಿನ ಹೊಟ್ಟೆ ಬಿಚ್ಚಿ ಗುಂಡು ತೊಳೆದೆ. ಪ್ರತಿ ಸಲವೂ "ಈಗ ಗೊತ್ತಾಯ್ತು ನೋಡು" ಅನ್ನುತ್ತಿದ್ದೆ. ನನ್ನ ಹೆಂಡತಿ ಸುಶೀಲ ನೋಡುತ್ತಿದ್ದಳು, ಅದು ಮತ್ತೆ ನಿಲ್ಲುತ್ತಿತ್ತು.

ಇಲ್ಲಿ ನಮ್ಮೂರಿನ ಒಂದು ಗುಣ ಹೇಳಬೇಕು. ಮರದ ಬೊಂಬೆ ಮಾಡುವ ಊರಾದ್ದರಿಂದ, ಯಾವ ವಸ್ತುವೇ ಆಗಲಿ, ಅದಕ್ಕೆ ಬಣ್ಣದ ಡಬ್ಬಿಯೊಂದು ಆಗುವ ತನಕ ನಮಗೆ ಅದು ಮನೆಯದು ಅನ್ನಿಸುವುದಿಲ್ಲ. ಕುಂಕುಮಕ್ಕೆ ಡಬ್ಬಿ, ಉಪ್ಪಿಗೆ ಡಬ್ಬಿ, ಸುಣ್ಣಕ್ಕೂ ಡಬ್ಬಿ. ಮೋಡೆಮ್ ಬಂದ ವಾರದಲ್ಲೇ ಪಕ್ಕದ ಮನೆಯ ಬೊಂಬೆ ಕೆಲಸದ ರಹಮತ್, "ಬರಿಮೈಲಿ ಕುಂತೈತಲ್ಲ ಸಾಮಿ" ಎಂದು ಮರುಗಿ, ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು ಕಡೆದು, ಕೆಂಪು ಹಳದಿ ಅರಗು ಹಚ್ಚಿ, ಕೋಳಿಯ ಮೇಲೆ ಕವುಚುವ ಮಂಕರಿಯಂಥ ಗುಂಡನೆಯ ಡಬ್ಬಿ ಮಾಡಿ ತಂದಿದ್ದ. ತಂತಿ ಹೊರಬರುವಷ್ಟು ಒಂದು ಕಚ್ಚು ಬಿಟ್ಟರೆ ಗಾಳಿಗೆಲ್ಲೂ ದಾರಿಯಿಲ್ಲ. ಅದರ ಚಂದ ನೋಡಲೆಂದೇ ಜನ ಬರುತ್ತಿದ್ದರು.

ಒಂದು ಬೆಳಿಗ್ಗೆ ಅದರ ಮೇಲೆ ಕೈಯೂರಿ ಯೋಚಿಸುತ್ತಿದ್ದೆ. ಕೈ ತೆಗೆದರೆ ಅಂಗೈಗೆ ಅರಗು ಅಂಟಿತ್ತು. ಬಿಸಿಗೆ ಮೆತ್ತಗಾಗುವುದು ಅರಗಿನ ಸ್ವಭಾವ. ಒಳಗೆ ಮೋಡೆಮ್ ಬೇಯುತ್ತಿತ್ತು! ಡಬ್ಬಿ ಎತ್ತಿಟ್ಟೆ, ಕಂಪ್ಯೂಟರು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ರೋಗ ಸಿಕ್ಕಿತು, ಆದರೆ ರಹಮತ್‌ಗೆ ಹೇಳುವುದು ಹೇಗೆ? ಅವನು ಪ್ರತಿ ಸಂಜೆ ಟೀಗೆ ಬರುತ್ತಾನೆ, ಬಂದವನು ಮೊದಲು ಡಬ್ಬಿಯನ್ನು ನೋಡುತ್ತಾನೆ, ಆಮೇಲೆ ನಮ್ಮನ್ನು. ಹಾಗಾಗಿ ಗೇಟಿನ ಸದ್ದಾದರೆ ಡಬ್ಬಿ ಕವುಚುವುದು, ಅವನು ಹೋದರೆ ಎತ್ತುವುದು ಎಂದು ನಾನೂ ಸುಶೀಲಳೂ ಗೊತ್ತುಮಾಡಿಕೊಂಡೆವು. ದಾಕ್ಷಿಣ್ಯ ಅಂದರೆ ಇದೇ ಅಲ್ಲವೇ?

ಸುಶೀಲಳದ್ದೂ ಒಂದು ಗುಟ್ಟಿತ್ತು. ವಿರೂಪಾಕ್ಷಿಪುರದ ಕಡೆಯ ಹುಡುಗಿ, ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟು ನನ್ನನ್ನು ಕಟ್ಟಿಕೊಂಡಿದ್ದಳು. ಮಕ್ಕಳು ದೊಡ್ಡವರಾದ ಮೇಲೆ, ಆ ವರ್ಷ, ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಬರೆದಳು. ನನಗೊಬ್ಬನಿಗೆ ಗೊತ್ತು. ಸ್ಕೂಲಿನ ಬೋರ್ಡಿನ ಮುಂದೆ ಬೀದಿ ಹುಡುಗರ ನಡುವೆ ನಿಂತು ಫಲಿತಾಂಶ ನೋಡುವುದು ಅವಳಿಗೆ ಬೇಕಿರಲಿಲ್ಲ. "ಫೇಲಾದ್ರೆ ಮನೇಲೇ ಆಗ್ಲಿ" ಅಂದಿದ್ದಳು. ಬೋರ್ಡಿಗೆ ಹಾಕುವ ಹಿಂದಿನ ಸಂಜೆಯೇ ಅದು ಇಂಟರ್‌ನೆಟ್ಟಿನಲ್ಲಿ ಬರುವುದಿತ್ತು. "ನಾನಿದೀನಲ್ಲ" ಎಂದಿದ್ದೆ.

ಆ ಸಂಜೆ ನಂಬರು ತಿರುಗಿಸಿದೆ, ಮೋಡೆಮ್ ಕೂಗಿತು, ಗೇಟು ಕಿರ್ರೆಂದಿತು. ಡಬ್ಬಿ ಕವುಚಿದೆ. ರಹಮತ್ ಬಂದು ಕೂತ. ಪುಟ ಅರ್ಧ ಬಂದು ನಿಂತಿತು. ಸ್ವಿಚ್ ಆರಿಸಿ ಮತ್ತೆ ಶುರುಮಾಡಿದೆ, ಮತ್ತೆ ನಿಂತಿತು. ಅವನು ಟೀ ಕುಡಿದು ಮುಗಿಸಿ, "ಇನ್ನೊಸಿ ಟೀ ಸಿಕ್ತದಾ ಅಕ್ಕ?" ಅಂದ. ಸುಶೀಲ ಅಡಿಗೆಮನೆ ಬಾಗಿಲಲ್ಲಿ ಹಾಲ್ ಟಿಕೆಟ್ಟನ್ನು ಸೆರಗಿನಲ್ಲಿ ಹಿಡಿದುಕೊಂಡೇ ನಿಂತಿದ್ದಳು. ನಾನು ಮತ್ತೆ ಸ್ವಿಚ್ಚಿಗೇ ಕೈ ಹಾಕಿದೆ. ಕೊನೆಗೆ ಅವಳೇ ಮುಂದೆ ಬಂದಳು.

"ರಹಮತ್ತಣ್ಣ, ಆ ಡಬ್ಬಿ ಎತ್ತು. ಅದ್ರೊಳ್ಗೆ ಕಾದು ಕಾದು ಇದು ನಿಂತೋಯ್ತದೆ. ನಾನು ಎಸ್ಸೆಸ್ಸೆಲ್ಸಿ ಬರ್ದಿವ್ನಿ. ಪಾಸೋ ಫೇಲೋ ನೋಡ್ಬೇಕು."

ರಹಮತ್ ಲೋಟ ಕೆಳಗಿಟ್ಟ. ತಾನೇ ಡಬ್ಬಿ ಎತ್ತಿದ. "ಯಾ ಅಲ್ಲಾ, ಸುಡ್ತಾ ಐತಲ್ಲ! ಯಾಕ್ ಸಾಮಿ ಇಷ್ಟ್ ದಿನ ಹೇಳ್ನಿಲ್ಲ?"

"ಬೇಜಾರ್ ಮಾಡ್ಕೋತೀಯ ಅಂತ ಕಣಯ್ಯ."

"ಬೊಂಬೆ ಮಾಡೋನು ನಾನು. ಮಕ್ಳು ಮುರೀಲಿ ಅಂತ್ಲೇ ಮಾಡೋದು. ನನಗ್ಯಾವ್ ಬೇಜಾರು?" ಎಂದವನೇ ಹೆಗಲ ಮೇಲಿನ ಟವೆಲ್ಲಿನಿಂದ ಮೋಡೆಮ್ಮಿಗೆ ಗಾಳಿ ಹಾಕತೊಡಗಿದ. "ನೋಡಕ್ಕ ನೀನು, ನಾನು ಬೀಸ್ತೀನಿ."

ಸ್ವಿಚ್ ಆರಿಸಿ ಇನ್ನೊಮ್ಮೆ ನಂಬರು ತಿರುಗಿಸಿದೆ. ಪುಟ ಮೇಲಿನಿಂದ ಒಂದೊಂದೇ ಸಾಲಾಗಿ ಇಳಿಯಿತು. ಹೆಸರು, ಕನ್ನಡ, ಗಣಿತ. ತಳದಲ್ಲಿ ಪಾಸ್. ನನಗೆ ಕುಣಿಯಬೇಕೆನ್ನಿಸಿತು. ಸುಶೀಲ ಮಾತ್ರ ನಂಬಲಿಲ್ಲ. "ಇದೂ ನಿಂತೋಗೈತೋ ಏನೋ, ಒಸಿ ನೋಡ್ರೀ" ಅಂದಳು. ಮೌಸನ್ನು ಅವಳ ಕೈಗೇ ಕೊಟ್ಟೆ. ಅಲ್ಲಿಯವರೆಗೆ ಅದನ್ನು ಮುಟ್ಟದವಳು ಮೆಲ್ಲಗೆ ಸರಿಸಿದಳು. ಪರದೆಯ ಮೇಲೆ ಬಾಣವೂ ಸರಿಯಿತು, ಕಂಪ್ಯೂಟರು ನಿಂತಿರಲಿಲ್ಲ. ಆಮೇಲೆ ಆ ಅಕ್ಷರಗಳ ಸುತ್ತ ಬಾಣವನ್ನು ಸುತ್ತಿಸುತ್ತಲೇ ಕೂತಳು. ಫೋನಿನ ಬಿಲ್ಲು ಏರುತ್ತಿದ್ದರೂ ನಾನು ತಂತಿ ಕೀಳಲಿಲ್ಲ.

ರಹಮತ್ ಡಬ್ಬಿಯನ್ನು ಒಯ್ದು ಸುತ್ತಲೂ ತೂತು ಕೊರೆದು ತಂದುಕೊಟ್ಟ. ಮೋಡೆಮ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಡಬ್ಬಿ ಮಗುಚಿಕೊಂಡು ಅಡಿಗೆಮನೆ ಸೇರಿದೆ, ಅದರಲ್ಲಿ ಬೆಳ್ಳುಳ್ಳಿ. ಗಾಳಿಯಾಡುವುದರಿಂದ ಕೆಡುವುದಿಲ್ಲ. ಈಗಲೂ ನಾನು ಏನನ್ನಾದರೂ ಹೇಳಲಾಗದೆ ಗಂಟಲಲ್ಲಿಟ್ಟುಕೊಂಡು ಕೂತರೆ, ಸುಶೀಲ ಆ ಡಬ್ಬಿಯನ್ನು ತಂದು ನನ್ನ ಮುಂದಿಟ್ಟು, ಬೆಳ್ಳುಳ್ಳಿ ಸುಲಿಯಲು ಹೇಳುತ್ತಾಳೆ. ಎರಡು ಎಸಳು ಸುಲಿಯುವುದರೊಳಗೆ ಎಲ್ಲ ಹೇಳಿಬಿಟ್ಟಿರುತ್ತೇನೆ.