ಹೀರೇಕಾಯಿ ಬಿಟ್ಟ ಅಜ್ಜಿ

ಕೋಠಿ ಬಜಾರಿನ ಹಳೇ ಪುಸ್ತಕದಂಗಡಿಗಳ ಹಿಂದೆ ಆಗ ಕನ್ನಡ ಟೈಪ್ ಮಾಡಿಕೊಡುವ ಒಂದು ಡಿಟಿಪಿ ಅಂಗಡಿ ಇತ್ತು. ಅಲ್ಲಿ ಕೂರುತ್ತಿದ್ದವರು ರಾಯಚೂರು ಕಡೆಯ ಶರಣಮ್ಮ. ನನ್ನ ಮೊದಲ ಮಾಯಾಲೋಕದ ಕಾದಂಬರಿಯನ್ನು ಅವರಿಗೇ ಕೊಟ್ಟಿದ್ದೆ. ನನ್ನ ಮಾಂತ್ರಿಕ ಕೈಯೆತ್ತಿದರೆ ನದಿ ನಿಲ್ಲುತ್ತಿತ್ತು, ಕಣ್ಣು ಕೆಂಪಾದರೆ ಕೋಟೆ ಉರುಳುತ್ತಿತ್ತು. ನನಗೋ ಭಾರಿ ಹೆಮ್ಮೆ.

ಮೂರನೇ ಅಧ್ಯಾಯಕ್ಕೆ ಶರಣಮ್ಮ ಕೀಬೋರ್ಡಿನಿಂದ ಕೈ ತೆಗೆದರು. "ಸರ, ತಪ್ಪು ತಿಳ್ಕೋಬ್ಯಾಡ್ರಿ. ಇವಗ ಎಲ್ಲಾ ಬರ್ತದಂದ್ರ ಇವನ ಸಲುವಾಗಿ ನಾ ಯಾಕ ಹೆದರ್ಬೇಕು?"

ಟೈಪ್ ಮಾಡುವವರು ಟೈಪ್ ಮಾಡಲಿ ಎಂದು ಒಳಗೇ ಸಿಟ್ಟಾದೆ. ಅವರು ಬಿಡಲಿಲ್ಲ. "ನಮ್ಮಜ್ಜಿ ಚೇಳು ಕಡದೋರಿಗೆ ಮಂತ್ರ ಹಾಕ್ತಿದ್ಲು. ಮಂತ್ರ ಕಲ್ತ ದಿನದಿಂದ ಹೀರೇಕಾಯಿ ಮುಟ್ಟಲಿಲ್ಲ. ತಿಂದ್ರ ಮಂತ್ರ ಹೋಗ್ತಿತ್ತಂತ. ಆಕಿಗೆ ಹೀರೇಕಾಯಿ ಅಂದ್ರ ಪ್ರಾಣರಿ."

ಕಾದಂಬರಿಯನ್ನು ವಾಪಸ್ ತಂದು ಎರಡು ತಿಂಗಳು ತಿದ್ದಿದೆ. ನನ್ನ ಮಾಂತ್ರಿಕ ಮಾವಿನಹಣ್ಣು ಬಿಟ್ಟ. ಬೇಸಿಗೆ ಬಂದರೆ ತೋಪಿನ ದಾರಿ ತಪ್ಪಿಸಿ, ಸುತ್ತು ಹಾಕಿ ನಡೆಯತೊಡಗಿದ.

ಕೊನೆಯ ಅಧ್ಯಾಯಕ್ಕೆ ಶರಣಮ್ಮ ಮತ್ತೆ ಕೈ ತೆಗೆದರು. "ಪಾಪ, ಇವಗ ಒಂದ ಹಣ್ಣು ತಿನಸ್ರಿ ಸರ."

"ಮಂತ್ರ ಹೋಗುತ್ತಲ್ರೀ?"

"ಹೋದ್ರ ಹೋಗ್ಲಿ ಬಿಡ್ರಿ. ನಮ್ಮಜ್ಜಿ ತಿನ್ನದಽ ಹೋದ್ಲು."

ತಿನ್ನಿಸಿದೆ. ಮಂತ್ರ ಹೋಯಿತು, ಅದರ ಹಿಂದೆಯೇ ಅವನು ಕಾಯುತ್ತಿದ್ದ ರಾಜ್ಯವೂ ಹೋಯಿತು. ಈಗ ಆ ಅಂಗಡಿಯೂ ಇಲ್ಲ, ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಪುಸ್ತಕದ ಕೊನೆಯಲ್ಲಿ ಮಾತ್ರ ನಾನು ಬರೆಯದ ಒಂದು ಸಾಲು ಉಳಿದಿದೆ: "ಹಣ್ಣು ಭಾಳ ಸಿಹಿ ಇತ್ತು." ಕರಡಿನಲ್ಲಿ ಅದು ಕಣ್ಣಿಗೆ ಬಿದ್ದಾಗ, ಟೈಪ್ ಮಾಡುವವರು ಟೈಪ್ ಮಾಡಲಿ ಎಂದು ಹಾಗೇ ಬಿಟ್ಟೆ.